ಅರ್ಧ ಗಂಟೆಯ ಪರೀಕ್ಷೆ

ರಿಪೇರಿಯಾಕೆ ಹೊಸ್ತಿಲು ದಾಟುತ್ತಿದ್ದಂತೆ ಕಂಪ್ಯೂಟರು ಅವಳನ್ನು ಮಾತಾಡಿಸಿತು. “ಬನ್ನಿ. ಕುಳಿತುಕೊಳ್ಳಿ. ಇಂದು ಬೆಳಿಗ್ಗೆ” ಎಂದಿತು, ಅಷ್ಟೇ. ಪರದೆ ಕಪ್ಪಾಯಿತು. ಅದರ ಮುಂದೆ ಕೂತಿದ್ದವರು ಎಡಗೈಯಿಂದ ಮೇಜನ್ನು ಗುದ್ದಿದರು.

“ನೋಡಿದ್ಯೇನಮ್ಮ? ಐದು ನಿಮಿಷ ನಿಲ್ಲಲ್ಲ. ಬೆಳಗ್ಗೆಯಿಂದ ಹೀಗೇ ಸಿಡಿಮಿಡಿ ಅಂತಿದ್ದಾರೆ,” ಎಂದರು ಅವರ ಹೆಂಡತಿ. ಪಾರ್ಶ್ವವಾಯು ಬಡಿದ ಮೇಲೆ ಗಂಡನಿಗೆ ಬಲಗೈಯೂ ಇಲ್ಲ, ಮಾತೂ ಇಲ್ಲ. ತಲೆ ಸದಾ ನಡುಗುವುದರಿಂದ ಹೌದು ಎಂದರೂ ಅಲ್ಲ ಎಂದರೂ ಒಂದೇ ಥರ ಕಾಣುತ್ತಿತ್ತು. ಒಂದು ಬೆರಳಲ್ಲಿ ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರು ಗಟ್ಟಿಯಾಗಿ ಓದಬೇಕು. ಅದರ ಮೇಲೆ, ಮೂವತ್ತು ವರ್ಷ ಪತ್ರಿಕೆಯಲ್ಲಿ ಪ್ರೂಫ್ ತಿದ್ದಿದ ಮನುಷ್ಯ. ಒಂದು ಒತ್ತಕ್ಷರ ತಪ್ಪಿದರೂ ಅಳಿಸಿ ಮತ್ತೆ ಹೊಡೆಯುವ ಚಾಳಿ. ಅಷ್ಟರಲ್ಲಿ ಯಂತ್ರ ಆರಿರುತ್ತಿತ್ತು.

“ಪರವಾಗಿಲ್ಲ ಬಿಡು, ಅವರು ಶುರು ಮಾಡಿದ್ರೆ ಸಾಕು, ಮಿಕ್ಕಿದ್ದು ನನಗೆ ಗೊತ್ತಾಗುತ್ತೆ,” ಎಂದರು ಹೆಂಡತಿ.

ರಿಪೇರಿಯಾಕೆ ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು. ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಪ್ರೊಸೆಸರಿನ ಮೇಲೆ ಕೂತು ಅದನ್ನು ತಂಪಾಗಿಡುವ ಕೂಲರಿನ ಒಂದು ಕಾಲು ಮುರಿದು, ಅದು ಒಂದು ಕಡೆಗೆ ವಾಲಿತ್ತು. ಎರಡರ ನಡುವೆ ಹಚ್ಚಿದ್ದ ಪೇಸ್ಟು ಒಣಗಿ ಚಕ್ಕೆಚಕ್ಕೆಯಾಗಿತ್ತು. “ಬಿಸಿ ಹೊರಗೆ ಹೋಗೋಕೆ ದಾರಿನೇ ಇಲ್ಲಮ್ಮ. ಸುಟ್ಟು ಹೋಗಬಾರದು ಅಂತ ಅದೇ ಆರಿಕೊಳ್ತಿದೆ. ಕೂಲರ್ ಹೊಸದು ಹಾಕ್ಬೇಕು.”

ಅವಳು ಚೀಲದಿಂದ ಎರಡನ್ನು ತೆಗೆದು ಮೇಜಿನ ಮೇಲಿಟ್ಟಳು. “ಎತ್ತರದ್ದು ಈ ಡಬ್ಬೀಲಿ ಹಿಡಿಸಲ್ಲ. ಹಿಡಿಸೋದು ಇವೆರಡೇ. ತೆಳ್ಳಗಿನದು ಸದ್ದೇ ಮಾಡಲ್ಲ, ಆದ್ರೆ ಸ್ವಲ್ಪ ಹೊತ್ತು ಮಾತಾಡಿ ಬಿಡುವು ಕೊಡ್ಬೇಕು. ಈ ದಪ್ಪದ್ದು ಗುಂಯ್ ಅನ್ನುತ್ತೆ. ದಿನವಿಡೀ ಮಾತಾಡಿದ್ರೂ ಜಗ್ಗಲ್ಲ.”

“ತೆಳ್ಳಗಿನದೇ ಹಾಕು. ಇವರು ದಿನವಿಡೀ ಮಾತಾಡೋದು ಏನಿದೆ?”

“ಸರ್, ನಿಮಗೆ ಯಾವುದು?”

“ಅವರಿಗೆ ನಾನು ಹೇಳಿದ್ದೇ...” ಹೆಂಡತಿ ಮಾತು ಮುಗಿಸುವ ಮೊದಲೇ ಎಡಗೈ ಮೇಜಿನ ಮೇಲೆ ತೆವಳಿತು. ತೋರುಬೆರಳು ದಪ್ಪ ಕೂಲರಿನ ಮೇಲೆ ಬಂದು ನಿಂತಿತು. ರಿಪೇರಿಯಾಕೆ ಅದನ್ನು ಎತ್ತಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ.

ಅವಳು ಹಳೆಯ ಪೇಸ್ಟನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನಿಟ್ಟು, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದಳು. ಯಂತ್ರ ಎದ್ದಿತು. ಪರದೆಯ ಮೂಲೆಯಲ್ಲಿ ಶಾಖದ ಅಂಕಿ ಬರುವಂತೆ ಮಾಡಿದಳು. “ಅರ್ಧ ಗಂಟೆ ಪರೀಕ್ಷೆ ಮಾಡ್ಬೇಕು ಸರ್. ಸುಮ್ನೆ ಇದ್ರೆ ಗೊತ್ತಾಗಲ್ಲ. ಏನಾದ್ರೂ ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ.”

ಅಂಕಿ ನಲವತ್ತೆಂಟರಿಂದ ಐವತ್ತೈದಕ್ಕೆ ಏರಿ ಅಲ್ಲೇ ನಿಂತಿತು. ಬೆರಳು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿತ್ತು. ಏರಿಳಿತವಿಲ್ಲದ ದನಿಯಲ್ಲಿ ಕಂಪ್ಯೂಟರು ಓದಿತು: “ಇಂದು ಬೆಳಿಗ್ಗೆ ನನ್ನ ತಮ್ಮ ಫೋನ್ ಮಾಡಿದ್ದ. ಒಂಬತ್ತು ವರ್ಷದ ನಂತರ. ನನ್ನನ್ನು ನೋಡಲು ಬರಲೇ ಎಂದು ಕೇಳಿದ.”

“ಅದೆಲ್ಲ ಈಗ್ಯಾಕೆ? ಹೊರಗಿನವರ ಮುಂದೆ?” ಎಂದರು ಹೆಂಡತಿ.

“ನೀನು ನನ್ನತ್ತ ತಿರುಗಿ, ಬರಬೇಕಾ ಎಂದೆ. ನಾನು ಬೇ ಎಂದು ಒತ್ತಿದೆ. ಯಂತ್ರ ಆರಿತು. ನೀನು ಅವನಿಗೆ ಬೇಡವಂತೆ ಎಂದೆ.”

ರಿಪೇರಿಯಾಕೆ ಸ್ಕ್ರೂಡ್ರೈವರುಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಕೆಲಸ ಬಿಟ್ಟು ಎದ್ದು ಹೋಗುವಂತಿರಲಿಲ್ಲ. ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು.

“ನನಗೆ ಹಾಗೇ ಅನ್ನಿಸ್ತು. ಬೇಡ ಅಂತಾನೇ ಅಂದುಕೊಂಡೆ,” ಎಂದರು ಹೆಂಡತಿ.

ಬೆರಳು ಹುಡುಕಿತು, ಒತ್ತಿತು, ಒಂದು ಅಕ್ಷರ ಅಳಿಸಿತು, ಮತ್ತೆ ಒತ್ತಿತು.

“ಬೇಕು ಎಂದು ನಿನಗೆ ಗೊತ್ತಿತ್ತು.”

ಹೆಂಡತಿಯ ಮುಖ ಕೆಂಪಾಯಿತು. “ಹೌದು, ಗೊತ್ತಿತ್ತು! ಅವನು ನಡುಬೀದೀಲಿ ನಿಂತು ನನ್ನ ಜನ್ಮ ಜಾಲಾಡಿದ್ದು ನಿಮಗೆ ಮರೆತು ಹೋಗಿರಬಹುದು. ನನಗೆ ಮರೆತಿಲ್ಲ. ನಿಮಗೆ ಹೀಗಾದಾಗ ಬಂದನಾ? ಮೂರು ವರ್ಷ ಮೈ ಒರೆಸಿದ್ದು ಯಾರು, ಉಣಿಸಿದ್ದು ಯಾರು?”

ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಶಾಖದ ಅಂಕಿ ಐವತ್ತಾರಾಯಿತು. ಹೆಂಡತಿ ಅಷ್ಟೂ ಹೊತ್ತು ನಿಂತೇ ಇದ್ದರು, ಪರದೆಯ ಕಡೆ ನೋಡಲಿಲ್ಲ.

“ನೀನು. ಎಲ್ಲವೂ ನೀನೇ. ಅವನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಅದು ನಿನ್ನ ಜಗಳ, ಇಟ್ಟುಕೋ. ಆದರೆ ಅವನು ನನ್ನ ತಮ್ಮ. ನನ್ನ ಬೇಕು ಬೇಡ ನಾನೇ ಹೇಳುತ್ತೇನೆ.”

ಹೆಂಡತಿ ಒಳಗೆ ಹೋದರು. ಪಾತ್ರೆ ಕುಕ್ಕಿದ ಸದ್ದು ಬಂತು, ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಮತ್ತೆ ಹೊರಗೆ ಬಂದಾಗ ಕೈಯಲ್ಲಿ ಫೋನಿತ್ತು, ಅತ್ತ ರಿಂಗಾಗುವುದು ಹೊರಗೆ ಕೇಳುತ್ತಿತ್ತು.

“ಹಲೋ?” ಎಂದಿತು ಅತ್ತಲಿನ ಗಂಡು ದನಿ. “ಅತ್ತಿಗೆ? ಏನಾಯ್ತು? ಅಣ್ಣ ಹೇಗಿದ್ದಾನೆ?”

ಹೆಂಡತಿಯ ಬಾಯಿ ತೆರೆಯಿತು. ಮರುಕ್ಷಣ ಫೋನನ್ನು ಕಂಪ್ಯೂಟರಿನ ಸ್ಪೀಕರಿನ ಪಕ್ಕ ಮಲಗಿಸಿದರು.

“ಹಲೋ, ಅತ್ತಿಗೆ? ಕೇಳಿಸ್ತಿದ್ಯಾ? ಯಾಕೆ ಯಾರೂ ಮಾತಾಡ್ತಿಲ್ಲ?”

ಬೆರಳು ಮೊದಲ ಅಕ್ಷರವನ್ನು ಹುಡುಕುತ್ತಿತ್ತು. ಹೆಂಡತಿ ಅಂಗೈಯಿಂದ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದರು.