ಬಂಗಾರದ ಏಲಕ್ಕಿ

ಆ ಮಧ್ಯಾಹ್ನ ಹಾವೇರಿಯ ಏಲಕ್ಕಿ ಹಾರದ ಅಂಗಡಿಯಲ್ಲಿ ಮಾಲೀಕರಾದ ಚಾಚಾ, ಹಾರ ಪೋಣಿಸುವ ಮೂವರು ಹೆಂಗಸರು, ಅವ್ವ ಮತ್ತು ಅವಳ ಸೆರಗು ಹಿಡಿದು ಕೂತ ನಾನು ಇದ್ದೆವು. ಈಗಲೂ ಪಾಯಸಕ್ಕೆ ಏಲಕ್ಕಿ ಜಜ್ಜಿದರೆ ನಾನು ಅಲ್ಲೇ, ಆ ಒರಟು ಚಾಪೆಯ ಮೇಲೆ ಕೂತಿರುತ್ತೇನೆ.

ರಾಣೆಬೆನ್ನೂರಿನ ಮದುವೆಯೊಂದಕ್ಕೆ ಚಾಚಾ ಹೊಸ ನಮೂನೆಯ ಹಾರ ಮಾಡಿದ್ದರು. ಏಲಕ್ಕಿಗೆಲ್ಲ ಬಂಗಾರದ ಬಣ್ಣ ಹೊಡೆದಿದ್ದರು.

"ಹೆಂಗೈತಿ?" ಎಂದರು.

"ಭಾಳ ಚಂದ ಐತ್ರಿ" ಎಂದು ಮೂವರೂ ಒಂದೇ ಉಸಿರಿಗೆ ಹೇಳಿದರು. ಚಾಚಾನ ಸಿಟ್ಟು ಓಣಿಗೆಲ್ಲ ಗೊತ್ತಿತ್ತು.

ಅವ್ವ ಕೆಲಸಕ್ಕೆ ಸೇರಿ ಇನ್ನೂ ಒಂದು ವಾರ. ನಮ್ಮ ಒಲೆ ಉರಿಯಬೇಕಾದದ್ದು ಆ ಕೂಲಿಯಿಂದಲೇ. ಆದರೂ ಅವಳು ಸೂಜಿ ಕೆಳಗಿಟ್ಟಳು.

"ಸಿಟ್ಟಾಗಬ್ಯಾಡ್ರಿ ಚಾಚಾ. ಕಣ್ಣಿಗೆ ಚಂದ ಐತಿ. ಆದ್ರ ಮದಲಿಂಗನ ಕೊಳ್ಳಾಗ ಏಲಕ್ಕಿ ಘಮಘಮ ಅನ್ನಬೇಕಲ್ರಿ? ಇದು ಬಣ್ಣ ಹಚ್ಚಿದ ಕಿಡಕಿ ನಾರಿದಂಗ ನಾರತೈತಿ."

ಪಕ್ಕದಾಕೆ ಅವ್ವನ ತೊಡೆ ಚಿವುಟಿದಳು. ನಮ್ಮ ಚಪ್ಪಲಿ ಎಲ್ಲಿವೆ ಎಂದು ನಾನು ನೋಡಿಕೊಂಡೆ.

ಚಾಚಾ ಹಾರವನ್ನು ಮೂಗಿಗೆ ಹಿಡಿದರು. ಜೋರಾಗಿ ಸೀನಿದರು.

"ಖರೇ ಐತಿ. ನಿಮಗ್ಯಾರಿಗೂ ವಾಸನಿ ಬರ್ಲಿಲ್ಲೇನು?"

"ಬಂತ್ರಿ" ಎಂದಳು ಪಕ್ಕದಾಕೆ, ಮೆಲ್ಲಗೆ.

"ಮೂಗು ಎಲ್ಲಾರಿಗೂ ಐತಿ. ಬಾಯಿ ಮಾತ್ರ ಇಕಿ ಒಬ್ಬಾಕಿಗೇ ಕೊಟ್ಟಾನ ದೇವ್ರು!" ಎಂದು ಚಾಚಾ ನಕ್ಕುಬಿಟ್ಟರು. ಆಮೇಲೆ ಎಲ್ಲರೂ ಸೇರಿ ಸಂಜೆಯೊಳಗೆ ಬಣ್ಣವಿಲ್ಲದ ಏಲಕ್ಕಿಯ ಹಾರ ಪೋಣಿಸಿ ಮುಗಿಸಿದರು.

ಬಂಗಾರದ ಹಾರವನ್ನು ಚಾಚಾ ತಮ್ಮ ಸ್ಕೂಟರಿನ ಹ್ಯಾಂಡಲ್ಲಿಗೆ ಕಟ್ಟಿಕೊಂಡರು. ಮಳೆಗಾಲದವರೆಗೂ ಅದು ಅಲ್ಲೇ ಇತ್ತು. ಯಾರಾದರೂ ಕೇಳಿದರೆ ಗಾಡಿ ನಿಲ್ಲಿಸಿ, ಸೀನಿದ್ದನ್ನೂ ಬಿಡದೆ, ಇಡೀ ಕತೆಯನ್ನು ತಾವೇ ಹೇಳುತ್ತಿದ್ದರು.