ಮೊದಲನೇ ಪಿರಿಯಡ್

ನಮ್ಮ ಪಕ್ಕದ ಊರಿನ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರ ವಿಷಯ ಇದು... ಅರ್ಧಕ್ಕೆ ಬಿಡಬೇಡಿ, ಕೊನೆವರೆಗೂ ಓದಿ.

ಪರಮೇಶಯ್ಯ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೂರು ವಾರ ಆಸ್ಪತ್ರೆಯ ಬೆಡ್ ಬಿಟ್ಟು ಏಳುವಂತಿರಲಿಲ್ಲ.

ನೋಡಲು ಬರುವ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ... ಇಂಜಿನಿಯರ್, ತಹಶೀಲ್ದಾರ್... ಆಪರೇಷನ್ ಮಾಡಿದ ಡಾಕ್ಟರ್ ಕೂಡ ಅವರ ಶಿಷ್ಯನೇ!

"ನನ್ನ ಕೈಯಲ್ಲಿ ಕಲಿತ ಒಂದು ಮಗುವೂ ಹಾಳಾಗಿಲ್ಲ ಕಣಯ್ಯಾ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಮಾತು ಬಂದಾಗಲೆಲ್ಲ, ಅವರ ಮಲಮೂತ್ರ ತೆಗೆಯಲು ಬರುತ್ತಿದ್ದ ಆಯಾ ಕೆಲಸ ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದಳು.

ಆ ನೋಟ ಕಂಡರೆ ಮೇಷ್ಟ್ರಿಗೆ ಯಾಕೋ ಅಳುಕು. ಅವಳು ಬರುವ ಸದ್ದಾದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಸಾರ್, ನನ್ ಗುರ್ತು ಸಿಗಲಿಲ್ವಾ?"

"ಇಲ್ಲಮ್ಮಾ... ಯಾರು ನೀನು?"

"ತಿಪ್ಪಮ್ಮ ಸಾರ್. ನಿಮ್ ಇಸ್ಕೂಲಲ್ಲೇ ಏಳ್ನೇ ಕ್ಲಾಸ್‌ವರ್ಗೂ ಓದಿದ್ದು. ಲೆಕ್ಕದಲ್ಲಿ ಫೇಲಾಗಿ ಬಿಟ್ಬಿಟ್ಟೆ."

ಮಂಚದ ಹತ್ತಿರ ಬಂದು ಹೇಳಿದಳು... "ಲೆಕ್ಕ ಮೊದಲ್ನೇ ಪಿರಿಯಡ್ ಇರ್ತಿತ್ತು. ಆ ಹೊತ್ತಿಗೆ ನೀವು ನನ್ ಕೈಗೆ ಬಕೆಟ್ ಕೊಟ್ಟು ಕಕ್ಕಸು ತೊಳೆಯೋಕೆ ಕಳಿಸ್ತಿದ್ರಿ. 'ನಿಮ್ಮವ್ವ ಮುನಿಸಿಪಾಲ್ಟೀಲಿ ಗುಡಿಸೋಳಲ್ವೇನೇ, ನಿಂಗೆ ರೂಢಿ ಇರುತ್ತೆ' ಅಂತಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ನೆನಪಾಯಿತು... ಹೆಸರಲ್ಲ, ಮುಖವಲ್ಲ. ಕಿಟಕಿಯಾಚೆ ನೀರು ಹೊತ್ತು ಹೋಗುತ್ತಿದ್ದ ಒಂದು ಪುಟ್ಟ ಬೆನ್ನು ಮಾತ್ರ.

"ತಪ್ಪಾಯ್ತು ತಾಯಿ, ಕ್ಷಮಿಸು" ಎಂದು ಕೈ ಮುಗಿದು ಬಿಕ್ಕಿ ಬಿಕ್ಕಿ ಅತ್ತರು.

"ನಂದು ಮುಗೀತು ಬಿಡಿ ಸಾರ್. ನನ್ ಮಗಳು ಪಲ್ಲವಿ ಈಗ ಅದೇ ಇಸ್ಕೂಲಲ್ಲಿ ನಾಕ್ನೇ ಕ್ಲಾಸು. ಮೊನ್ನೆ ಬಾಯ್ಬಿಟ್ಲು... 'ದಿನಾ ನಂಗೇ ಬಕೆಟ್ ಕೊಡ್ತಾರೆ ಅವ್ವಾ' ಅಂತ. ಕೇಳೋಕೆ ಹೋದ್ರೆ ನನ್ನ ಗೇಟಲ್ಲೇ ನಿಲ್ಸಿದ್ರು. ನೀವು ಹೇಳಿದ್ರೆ ಕೇಳ್ತಾರೆ."

ಡಿಸ್ಚಾರ್ಜ್ ಆದ ವಾರಕ್ಕೆಲ್ಲ ಮೇಷ್ಟ್ರು ವಾಕರ್ ಹಿಡಿದು, ಆಟೋ ಮಾಡಿಕೊಂಡು ಬೆಳಗಿನ ಬೆಲ್ಲಿನ ಹೊತ್ತಿಗೆ ಶಾಲೆಗೆ ಹೋದರು.

ಈಗಿನ ಹೆಡ್‌ಮಿಸ್ ಕೂಡ ಅವರ ಶಿಷ್ಯೆಯೇ. ಓಡಿ ಬಂದು ಕಾಲಿಗೆ ನಮಸ್ಕರಿಸಿದರು.

"ಇಲ್ಲಿ ಟಾಯ್ಲೆಟ್ ಯಾರು ತೊಳೀತಾರಮ್ಮಾ?"

ಆಕೆ ನಗುತ್ತಲೇ ಹೇಳಿದರು... "ನೀವು ಮಾಡಿಟ್ಟ ಪದ್ಧತೀನೇ ಸಾರ್. ಒಂದಿನಾನೂ ತಪ್ಪಿಸಿಲ್ಲ!"

ಮೇಷ್ಟ್ರು ಕಟ್ಟಡದ ಹಿಂದಿನ ಟಾಯ್ಲೆಟ್‌ವರೆಗೆ ಕುಂಟುತ್ತಾ ಹೋಗಿ, ಬಕೆಟ್ ಹಿಡಿದಿದ್ದ ಪಲ್ಲವಿಯನ್ನು ಕ್ಲಾಸಿಗೆ ಕರೆತಂದರು.

ಬೋರ್ಡಿನ ಮೇಲೆ ಭಾಗಾಕಾರ ನಡೆದಿತ್ತು. ಮಗು ಬಾಗಿಲಲ್ಲೇ ನಿಂತುಬಿಟ್ಟಿತು.

"ತಾತಾ... ಈ ಪಿರಿಯಡ್‌ನಲ್ಲಿ ನಾನು ಎಲ್ಲಿ ಕೂತ್ಕೋಬೇಕು?"

ಒಬ್ಬ ಹುಡುಗಿ ಸರಿದು ಜಾಗ ಕೊಟ್ಟಳು. ಮೇಷ್ಟ್ರ ಕಣ್ಣು ತುಂಬಿ ಬಂತು.

ಆದರೆ ಹೆಡ್‌ಮಿಸ್ ಮೆಲ್ಲಗೆ ಕೇಳಿದರು... "ಹಾಗಾದ್ರೆ ನಾಳೆಯಿಂದ ಯಾರಿಗೆ ಹೇಳ್ಲಿ ಸಾರ್?"

ಆಕೆಯ ಕಣ್ಣು ಬೆಂಚಿನಿಂದ ಬೆಂಚಿಗೆ ಹರಿದು, ಕೊನೆಯಲ್ಲಿದ್ದ ಒಂದು ಮಗುವಿನ ಮೇಲೆ ನಿಂತಿತು. ತಿಪ್ಪಮ್ಮನ ಕೇರಿಯದೇ ಮಗು.

ಆ ಮಗು ತಾನಾಗಿಯೇ ಎದ್ದು ನಿಂತಿತು.

"ಕೂತ್ಕೋ ಮಗಾ" ಎಂದ ಮೇಷ್ಟ್ರ ದನಿ ಒಡೆದಿತ್ತು.

ಅಲ್ಲೇ ಕುರ್ಚಿ ಎಳೆದು ಕೂತು ಒಂದು ಬಿಳಿ ಹಾಳೆ ಕೇಳಿದರು. ಬಿಇಒ ಸಾಹೇಬರಿಗೆ ದೂರು ಬರೆದರು.

ತಪ್ಪು ಮಾಡಿದವರ ಹೆಸರುಗಳಲ್ಲಿ ಮೊದಲನೆಯದು... ತಮ್ಮದೇ.

*ಯಾವ ಮನೆಯಲ್ಲಿ ಹುಟ್ಟಬೇಕೆಂದು ಮಗು ತೀರ್ಮಾನಿಸುವುದಿಲ್ಲ. ಅದರ ಕೈಗೆ ಏನು ಕೊಡಬೇಕೆಂದು ತೀರ್ಮಾನಿಸುವವರು ನಾವು.*

ನಿಮ್ಮ ಕ್ಲಾಸಿನಲ್ಲಿ ಪಾಠದ ಹೊತ್ತಿಗೆ ಹೊರಗಿರುತ್ತಿದ್ದ ಆ ಮಗುವಿನ ಹೆಸರು... ನಿಮಗೆ ನೆನಪಿದೆಯಾ?