ತಾತನ ಕೈರುಚಿ

ಅಣ್ಣ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮನ ಅಂಗಡಿಯ ಬ್ರೆಡ್ಡನ್ನು ಕೊಯ್ದ. ಮೂಸಿದ. ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ಕೆಂಪಾಗಿತ್ತು.

"ಅದೇ ರುಚಿ!" ಎಂದ ಹೆಂಡತಿಗೆ. "ಅದೇ ಹದ, ಅದೇ ಬಣ್ಣ. ಗುಟ್ಟು ಎಲ್ಲೋ ಸೋರಿದೆ."

"ಒಂದೇ ತಾತನ ಮೊಮ್ಮಕ್ಕಳಲ್ವೇನ್ರೀ, ರುಚಿ ಬೇರೆ ಹೇಗಾಗತ್ತೆ?"

"ನಿನಗೇನು ಗೊತ್ತು? ಶುರುವಿನಲ್ಲಿ ಅವನ ಬ್ರೆಡ್ಡು ಇಟ್ಟಿಗೆ ಹಾಗಿತ್ತು. ಇದ್ದಕ್ಕಿದ್ದ ಹಾಗೆ ಹತ್ತಿ ಆಗಿಬಿಡತ್ತಾ? ಮಾತು ಕೊಟ್ಟ ಮೇಲೂ ಹೀಗೆ ಮಾಡೋದಾ!"

ಮಾತು ಕೊಟ್ಟವರು ಯಾರೆಂದು ಆಕೆ ಕೇಳಲಿಲ್ಲ. ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ.

ಬೇಕರಿ ಕಟ್ಟಿದವನು ತಾತ. ಒಲೆಯ ಇಟ್ಟಿಗೆಗಳನ್ನು ತಾನೇ ಜೋಡಿಸಿದ. ಹಿಟ್ಟು ಉಬ್ಬುವವರೆಗೆ ಅದರ ಪಕ್ಕದಲ್ಲೇ ಮಲಗುತ್ತಿದ್ದ. ಅಪ್ಪ ಅದಕ್ಕೊಂದು ಗಾಜಿನ ಕಪಾಟು ಸೇರಿಸಿದ. ಮೂರನೆಯ ತಲೆಮಾರು ಸೇರಿಸಿದ್ದು ಒಂದು ಗೋಡೆ.

ಅಪ್ಪ ಕಣ್ಣು ಮುಚ್ಚಿದ ಮೇಲೆ ಗೋಡೆ ಅಂಗಡಿಯ ನಟ್ಟನಡುವೆ ಎದ್ದಿತು. ಮೂಲೆಯ ಕಟ್ಟಡವಾದ್ದರಿಂದ ಅಣ್ಣನ ಹಿಂಬಾಗಿಲು ಒಂದು ಓಣಿಗೆ, ತಮ್ಮನದು ಇನ್ನೊಂದು ಓಣಿಗೆ ಬಿತ್ತು. ಹಳೆಯ ಒಲೆ ಅಣ್ಣನಿಗಾಯಿತು. ತಮ್ಮ ಹೊಸತು ಕಟ್ಟಿಸಿಕೊಂಡ. 'ತಾತನ ಬೇಕರಿ' ಎಂಬ ಬೋರ್ಡನ್ನು ಗರಗಸ ಹಿಡಿದು ಕೊಯ್ದರು. ಅಣ್ಣನ ಪಾಲಿಗೆ 'ತಾತನ', ತಮ್ಮನ ಪಾಲಿಗೆ 'ಬೇಕರಿ'. ಒಬ್ಬನಿಗೆ ತಾತ ಉಂಟು, ಬೇಕರಿ ಇಲ್ಲ. ಇನ್ನೊಬ್ಬನಿಗೆ ಬೇಕರಿ ಉಂಟು, ತಾತ ಇಲ್ಲ ಎಂದು ಊರು ನಕ್ಕಿತು. ಇಬ್ಬರ ನಡುವೆ ಹುಟ್ಟಿದ ಹೆಣ್ಣುಮಗಳಿಗೆ, ಮದುವೆಯಾಗಿ ಹೋದವಳೆಂಬ ಕಾರಣಕ್ಕೆ, ಯಾರಿಗೂ ಬೇಡವಾದ ಹಿಟ್ಟಿನ ಜರಡಿ ದಕ್ಕಿತು. ಅದನ್ನು ಬಗಲಲ್ಲಿಟ್ಟುಕೊಂಡು ತಕರಾರಿಲ್ಲದೆ ಹೋದಳು.

ಅಂದಿನಿಂದ ಅಣ್ಣನಿಗೆ ಒಲೆಮನೆಯೇ ಗರ್ಭಗುಡಿ. ಬೆಳಗಿನ ಜಾವ ಒಳಗೆ ಹೋಗಿ ಚಿಲಕ ಹಾಕಿಕೊಂಡನೆಂದರೆ ಹೆಂಡತಿಗೂ ಪ್ರವೇಶವಿಲ್ಲ. "ಮೂರು ತಲೆಮಾರಿನ ಗುಟ್ಟು" ಎನ್ನುತ್ತಿದ್ದ. ಬಿಸಿ ಬ್ರೆಡ್ಡಿನೊಂದಿಗೆ ಹೊರಬರುವಾಗ ಮೀಸೆಯ ತುಂಬ ಹಿಟ್ಟು. ಆ ಮೀಸೆ ನೋಡಿಯೇ ಗಿರಾಕಿಗಳು ಎರಡು ಬ್ರೆಡ್ಡು ಹೆಚ್ಚಿಗೆ ಒಯ್ಯುತ್ತಿದ್ದರು.

ಎಲ್ಲ ಸುಸೂತ್ರವಾಗಿಯೇ ಇತ್ತು, ವರ್ತಕರ ಸಂಘಕ್ಕೆ ಸನ್ಮಾನದ ಹುಚ್ಚು ಹಿಡಿಯುವವರೆಗೆ. ಊರಿನ ಅತಿ ಹಳೆಯ ಬೇಕರಿಯ ನಿಜವಾದ ವಾರಸುದಾರನಿಗೆ ಪದಕವಂತೆ. ತೀರ್ಪು ಹೇಳಬೇಕಾದವಳು ಅಮ್ಮ. ಅವಳ ಕೋಣೆ ಮಹಡಿಯಲ್ಲಿ. ಗೋಡೆ ಅಷ್ಟು ಎತ್ತರಕ್ಕೆ ಬೆಳೆದಿರಲಿಲ್ಲ. ನಿನ್ನೆ ಸಂಘದ ಅಧ್ಯಕ್ಷ ಎರಡೂ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದ. ಅಮ್ಮ ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಮೆದ್ದಳು.

"ಎರಡೂ ನಾನು ಹೆತ್ತ ಕೂಸಿನ ಕೈರುಚೀನೇ ಕಣಪ್ಪ. ಪದಕ ಆ ಕೈಗೇ ಕೊಡಿ."

ತಾಯಿ ಹೃದಯ ಎಂದರೆ ಇದು ಎಂದು ಅಧ್ಯಕ್ಷ ಕಣ್ಣೊರೆಸಿಕೊಂಡ. ತೀರ್ಮಾನ ಮುಂದಕ್ಕೆ ಹೋಯಿತು. ಅಣ್ಣನಿಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಆಳು ಬಿಟ್ಟು ತಮ್ಮನ ಬ್ರೆಡ್ಡು ತರಿಸಿದ್ದು ಅದಕ್ಕೇ.

"ನಾಳೆ ಬೆಳಿಗ್ಗೆ ಹೋಗಿ ಕೈಯಾರೆ ಹಿಡೀತೀನಿ," ಎಂದ.

"ಪಕ್ಕದ ಟೈಲರನ್ನ ಕರ್ಕೊಂಡು ಹೋಗಿ, ಸಾಕ್ಷಿಗೆ."

"ಬೇಡ. ಮನೆ ವಿಷಯ ಬೀದಿಗೆ ಯಾಕೆ?"

ಹೆಂಡತಿ ಬೆರಗಾದಳು. ಗೋಡೆಯ ಜಗಳದಲ್ಲಿ ಇಡೀ ಬೀದಿಯನ್ನು ಅಂಗಳಕ್ಕೆ ಕರೆದು ಕೂರಿಸಿದ್ದವನು ಇದೇ ಗಂಡ.

ಬೆಳಕು ಹರಿಯುವ ಮುನ್ನ ಅಣ್ಣ ಎಂದಿನಂತೆ ಒಲೆಗೆ ಸೌದೆ ತುಂಬಿ ಉರಿ ಹಚ್ಚಿದ. ಹಿಂಬಾಗಿಲನ್ನು ಓರೆ ಮಾಡಿಟ್ಟು, ಸುತ್ತು ಹಾಕಿ ತಮ್ಮನ ಓಣಿಗೆ ಹೋಗಿ ಖಾಲಿ ಡಬ್ಬಗಳ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತ. ತಮ್ಮನ ಚಿಮಣಿಯಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ವಾಸನೆ ಮಾತ್ರ ಬರೀ ಸೌದೆಯದು. 'ಕಳ್ಳ, ಇದನ್ನೂ ಕಲಿತಿದ್ದಾನೆ' ಎಂದು ಹಲ್ಲು ಕಡಿದ.

ಮೊಣಕಾಲು ಜೋಮು ಹಿಡಿಯುವ ಹೊತ್ತಿಗೆ ವ್ಯಾನೊಂದು ದೀಪ ಆರಿಸಿಕೊಂಡು ಬಂದು ನಿಂತಿತು. ತಮ್ಮ ಕೆನ್ನೆಗೆ ಹಿಟ್ಟು ಬಳಿದುಕೊಳ್ಳುತ್ತಲೇ ಹೊರಬಂದ. ವ್ಯಾನಿನ ಹಿಂಬದಿ ತೆರೆದ. ಬಿಸಿ ಬ್ರೆಡ್ಡಿನ ಘಮ ಓಣಿಯನ್ನೆಲ್ಲ ತುಂಬಿತು. ಮೊದಲ ಟ್ರೇ ಅವನ ಕೈಗೆ ಬಂದದ್ದೇ ತಡ, ಅಣ್ಣ ಡಬ್ಬಗಳನ್ನು ಉರುಳಿಸಿಕೊಂಡು ಮೇಲೆದ್ದ.

"ಸಿಕ್ಕಿಬಿದ್ಯಾ! ತಾತನ ಹೆಸರು ಹೇಳ್ಕೊಂಡು ಹೊರಗಿನ ಬ್ರೆಡ್ಡು ಮಾರ್ತೀಯಾ? ಮಾನ ಮರ್ಯಾದೆ ಇದೆಯಾ ನಿನಗೆ?"

ತಮ್ಮ ಟ್ರೇಯನ್ನು ಎದೆಗೆ ಅವಚಿಕೊಂಡ. "ಹೊರಗಿಂದಲ್ಲಣ್ಣ... ಮನೇದೇ," ಎಂದು ತೊದಲಿದ.

ಚಾಲಕನ ಬದಿಯ ಬಾಗಿಲು ತೆರೆಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಹೆಂಗಸು ಕೆಳಗಿಳಿದಳು. ಇಬ್ಬರ ನಡುವೆ ಹುಟ್ಟಿದವಳು. ತಮ್ಮನನ್ನು ನೋಡಿದಳು, ಅಣ್ಣನನ್ನು ನೋಡಿದಳು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಯಾರಿಗೂ ಹೇಳಲ್ಲ ಅಂತ ಇಬ್ಬರಿಗೂ ಮಾತು ಕೊಟ್ಟಿದ್ದೆ, ಹೇಳಿಲ್ಲ, ಕೂಗಾಡ್ಬೇಡ ಅಣ್ಣ, ಮನೆಗೆ ಹೋಗು, ನಿನ್ನ ಬ್ರೆಡ್ಡು ಆಗಲೇ ನಿನ್ನ ಹಿಂಬಾಗಿಲಲ್ಲಿ ಇಳಿಸಿ ಬಂದಿದ್ದೀನಿ."